ಕಫ ಓದುವ ಗೌಹರಬಿ

ಗೌಹರಬಿಯನ್ನು ಮೊದಲ ಸಲ ಕಂಡಾಗ ನಾನು ಅವಳನ್ನು ಎಲೆ ಅಡಿಕೆ ಮಾರುವವಳೆಂದು ತಿಳಿದಿದ್ದೆ. ಹಾನಗಲ್ಲಿನ ಧರ್ಮಾರ್ಥ ದವಾಖಾನೆಯ ಕಟ್ಟೆಯ ಮೇಲೆ, ಎಳೆಬಿಸಿಲಿನಲ್ಲಿ, ನಲವತ್ತು ದಾಟಿದ ಒಬ್ಬ ಹೆಂಗಸು ಮೊರ ಮುಂದಿಟ್ಟುಕೊಂಡು ಕೂತಿದ್ದಳು. ಮೊರದಲ್ಲಿ ಅಚ್ಚುಕಟ್ಟಾಗಿ ಮಡಚಿ ಜಾಲಿಮುಳ್ಳು ಚುಚ್ಚಿದ ವೀಳ್ಯದೆಲೆಯ ಪಟ್ಟಿಗಳು ಸಾಲಾಗಿದ್ದವು. ನಾನು ಆಗಷ್ಟೇ ಬಂಕಾಪುರದಿಂದ ವರ್ಗವಾಗಿ ಬಂದ ಹೆಡ್‌ಮಾಸ್ತರ. ಒಗ್ಗರಣೆ ಅವಲಕ್ಕಿ ತಿಂದು ಹೊರಬಿದ್ದಿದ್ದೆ, ಬಾಯಿ ಎಲೆ ಬೇಡುತ್ತಿತ್ತು. ಕಟ್ಟೆಯ ಮೇಲೆ ಒಂದು ದುಡ್ಡು ಇಟ್ಟು, ಇದ್ದುದರಲ್ಲಿ ದಪ್ಪನೆಯ ಪಟ್ಟಿಯನ್ನೇ ಆರಿಸಿ ಎತ್ತಿಕೊಂಡೆ. ಅದು ತುಟಿಯ ಹತ್ತಿರ ಹೋಗುವಷ್ಟರಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದಳು.

“ತಿನ್ನಬ್ಯಾಡ್ರಿ ಮಾಸ್ತರ. ಅದು ಕುಂಬಾರ ಓಣಿ ದ್ಯಾಮಪ್ಪನ ಕೆಮ್ಮು.”

ನಾನು ಮನೆಗೆ ಬಂದು ಹದಿನಾಲ್ಕು ಸಲ ಬಾಯಿ ಮುಕ್ಕಳಿಸಿದೆ. ಎಲೆ ಬಾಯೊಳಗೆ ಹೋಗಿರಲಿಲ್ಲ ಎಂಬುದನ್ನು ನನ್ನ ಹೊಟ್ಟೆ ಒಪ್ಪಲು ತಯಾರಿರಲಿಲ್ಲ. ಆಮೇಲೆ ಒಂದು ತಿಂಗಳು ಯಾರ ಮನೆಯಲ್ಲಿ ತಾಂಬೂಲ ಕೊಟ್ಟರೂ ಮಡಿಕೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿಯೇ ತಿನ್ನುತ್ತಿದ್ದೆ. ಕೊಟ್ಟವರು ಬೇಸರ ಮಾಡಿಕೊಂಡರು.

ಇದಕ್ಕೆಲ್ಲ ಕಾರಣ ಲಡಾಯಿ. ಸಾವಿರದ ಒಂಬೈನೂರಾ ನಲವತ್ತೆರಡರಲ್ಲಿ ದವಾಖಾನೆಗೆ ಪಿಂಗಾಣಿ ಬಟ್ಟಲು ಬರುವುದು ನಿಂತುಹೋಗಿತ್ತು. ಕೆಮ್ಮಿನವರು ಬೆಳಿಗ್ಗೆ ಎದ್ದೊಡನೆ ಬಂದ ಕಫವನ್ನು ತರಬೇಕು ಎಂದು ಡಾಕ್ಟರರು ಹೇಳುತ್ತಿದ್ದರು. ಜನ ತರುತ್ತಿದ್ದರು, ಆದರೆ ಯಾವುದರಲ್ಲಿ? ಕಡ್ಡಿಪೆಟ್ಟಿಗೆಯಲ್ಲಿ, ಕೊಬ್ಬರಿ ಚಿಪ್ಪಿನಲ್ಲಿ, ಧೋತರದ ತುದಿಗೆ ಗಂಟು ಕಟ್ಟಿ. ಒಬ್ಬ ಮಹಾಶಯರು ಅಂಗೈಯಲ್ಲೇ ಹಿಡಿದುಕೊಂಡು ಎರಡು ಮೈಲು ನಡೆದು ಬಂದು, ದಾರಿಯಲ್ಲಿ ಸಿಕ್ಕವರಿಗೆ ಅದೇ ಕೈಯಿಂದ ನಮಸ್ಕಾರ ಮಾಡಿದ್ದರಂತೆ. ಅದನ್ನೆಲ್ಲ ತೆಗೆದುಕೊಂಡು ಕಾಚಿನ, ಅಂದರೆ ಗಾಜಿನ ಸಣ್ಣ ಪಟ್ಟಿಯ, ಮೇಲೆ ಸವರಿ ಡಾಕ್ಟರರಿಗೆ ಕೊಡುವ ಕೆಲಸ ಗೌಹರಬಿಯದು. ಅವಳ ತವರು ಸವಣೂರು. ಅಲ್ಲಿ ಅವಳ ಅಣ್ಣನಿಗೆ ಎಲೆದೋಟವಿತ್ತು. ಮಾರಾಟವಾಗದ ಬಲಿತ ಎಲೆಗಳು ವಾರಕ್ಕೊಂದು ಬುಟ್ಟಿ ಮೋಟಾರಿನಲ್ಲಿ ಬರತೊಡಗಿದವು. ಪ್ರತಿ ರೋಗಿಗೆ ಎರಡು ಎಲೆ, ಒಂದು ಮುಳ್ಳು. ಕೆಲಸವಾದ ಮೇಲೆ ಎಲೆಗಳನ್ನು ಹಿತ್ತಲ ಗುಂಡಿಯಲ್ಲಿ ಭತ್ತದ ಹೊಟ್ಟಿನ ಬೆಂಕಿಗೆ ಹಾಕಿ ಸುಡುತ್ತಿದ್ದಳು. ಲಡಾಯಿ ಮುಗಿದು ಬಟ್ಟಲು ಬಂದ ಮೇಲೂ ಅವಳು ಎಲೆಯನ್ನು ಬಿಡಲಿಲ್ಲ. ಬಿಳಿ ಬಟ್ಟಲಲ್ಲಿ ಬಿಳಿ ಕಫ ಏನು ಕಂಡೀತು, ಕಪ್ಪು ಹಸಿರಿನ ಮೇಲೆ ಎಲ್ಲ ಬಣ್ಣವೂ ಎದ್ದು ಕಾಣುತ್ತದೆ ಎನ್ನುವುದು ಅವಳ ವಾದ.

ಇಂಥ ಕೆಲಸ ಮಾಡುವವರನ್ನು ಶಾಂತಮೂರ್ತಿ, ತ್ಯಾಗಮಯಿ ಎಂದೆಲ್ಲ ಬರೆಯುವ ಪದ್ಧತಿಯಿದೆ. ಗೌಹರಬಿ ಅದಕ್ಕೆ ಅವಕಾಶ ಕೊಟ್ಟವಳಲ್ಲ. ಮೂಗಿಗೆ ಸೆರಗು ಬಿಗಿದು, ಒಂದೊಂದು ಎಲೆ ಬಿಚ್ಚಿದಾಗಲೂ ಮುಖ ಹಿಂಡಿ ‘ಥೂ’ ಎನ್ನುತ್ತಿದ್ದಳು. ತಂದವರ ಎದುರಿಗೇ ಎನ್ನುತ್ತಿದ್ದಳು. ಎಂದು, ಬಗ್ಗಿ ನೋಡುತ್ತಿದ್ದಳು. ಹದಿಮೂರನೆಯ ವಯಸ್ಸಿಗೆ ಮದುವೆಯಾಗಿ ಹಾನಗಲ್ಲಿಗೆ ಬಂದವಳು. ಗಂಡ ಟಾಂಗಾ ಹೊಡೆಯುತ್ತಿದ್ದ. ಹದಿನೆಂಟನೆಯ ಇಸವಿಯ ದೊಡ್ಡ ಜ್ವರದಲ್ಲಿ ಅವನು ನಾಲ್ಕೇ ದಿನಕ್ಕೆ ಸತ್ತ. ಕಡೆಯ ದಿನ ಅವನ ಬಾಯಿಂದ ಬಂದ ಗುಲಾಬಿ ಬಣ್ಣದ ನೊರೆಯನ್ನು ತನ್ನ ಸೀರೆಯಿಂದ ಒರೆಸಿದ್ದಳಂತೆ. ಅದೇನು, ಎಲ್ಲಿಂದ ಬಂತು ಎಂದು ಕೇಳಲು ದವಾಖಾನೆಗೆ ಹೋದಳು. ಆಗ ಹೇಳುವವರು ಯಾರೂ ಇರಲಿಲ್ಲ, ಕಸಗುಡಿಸುವವರು ಬೇಕಾಗಿದ್ದರು. ಉಳಿದುಕೊಂಡಳು.

ನನಗೆ ಅವಳ ವಿದ್ಯೆಯ ಪರಿಚಯವಾದದ್ದು ಆ ಚಳಿಗಾಲ ಊರಿಗೆಲ್ಲ ಹರಡಿದ ನೆಗಡಿ ಜ್ವರದಲ್ಲಿ. ನಾನೂ ಎಲೆ ಒಯ್ದೆ. ಸಾಲಿನಲ್ಲಿ ಕಳೆದುಹೋಗಬಾರದೆಂದು ಎಲೆಯ ಬೆನ್ನಿಗೆ ಮುಳ್ಳಿನಿಂದ ನನ್ನ ಹೆಸರು ಗೀರಿ, ಕೆಳಗೆ ‘ಹೆಡ್‌ಮಾಸ್ತರ’ ಎಂದೂ ಗೀರಿದ್ದೆ. ಅಕ್ಷರ ಬಾರದ ಗೌಹರಬಿ ಅದನ್ನು ಗಾಡಿ ಹೊಡೆಯುವವರ ಎಲೆಗಳ ನಡುವೆ ಒಗೆದಳು. ಮೊದಲ ದಿನದ್ದು ನೀರು, ಮೂರನೆಯ ದಿನದ್ದು ಹಳದಿ, ಐದನೆಯ ದಿನದ್ದು ಹಸಿರು. ನಾನು ಸಾಯುತ್ತಿದ್ದೇನೆಂದು ಖಚಿತವಾಗಿ, ಶಾಲೆಯ ಬೀಗದ ಕೈಯನ್ನು ಕಿರಿಯ ಮಾಸ್ತರರಿಗೆ ಒಪ್ಪಿಸುವ ವಿಚಾರದಲ್ಲಿದ್ದೆ. ಅವಳು ಹಸಿರು ಎಲೆ ನೋಡಿ ‘ಥೂ’ ಎಂದು, ಇನ್ನು ಎರಡು ದಿನಕ್ಕೆ ನೀವು ಅರಾಮ ಎಂದಳು.

ಮಿತಭಾಷಿ ಡಾಕ್ಟರರು ಅಂದು ಸ್ವಲ್ಪ ಬಾಯಿ ಬಿಟ್ಟರು. ನಮ್ಮ ಉಸಿರುಕೊಳವೆಯ ಒಳಗೋಡೆಗೆ ಕಣ್ಣಿಗೆ ಕಾಣದ ಕೂದಲುಗಳಿವೆಯಂತೆ. ಗಾಳಿಗೆ ಬಾಗುವ ಭತ್ತದ ಪೈರಿನ ಹಾಗೆ ಅವು ಹಗಲೂ ರಾತ್ರಿ ಒಂದೇ ದಿಕ್ಕಿಗೆ ಬಾಗುತ್ತ, ಒಳಗೆ ಬಂದ ಕಸವನ್ನು ಲೋಳೆಯ ಸಮೇತ ಗಂಟಲಿನ ಕಡೆ ನೂಕುತ್ತವೆ. ನಾವು ಗೊತ್ತಿಲ್ಲದೆ ನುಂಗುತ್ತೇವೆ. ದಿನಾ. ಎಲ್ಲರೂ. ಇದನ್ನು ಕೇಳಿ ನನಗೆ ಮತ್ತೆ ಮುಕ್ಕಳಿಸಬೇಕೆನಿಸಿತು. ಇನ್ನು ಜ್ವರದ ವಿಷಾಣು, ದವಾಖಾನೆಯ ಸೂಕ್ಷ್ಮದರ್ಶಕ ದುರ್ಬೀನಿಗೂ ಕಾಣದಷ್ಟು ಸಣ್ಣದು, ಆ ಗೋಡೆಯ ಜೀವಕಣಗಳೊಳಗೇ ಹೊಕ್ಕು ಮರಿ ಹಾಕುತ್ತದೆ. ಆಗ ರಕ್ತದ ಬಿಳಿ ಕಣಗಳು ಓಡಿ ಬಂದು, ವಿಷಾಣು ಹೊಕ್ಕ ಮನೆಗಳನ್ನೇ ಕೆಡವಿ, ತಾವೂ ಸಾಯುತ್ತವೆ. ಹಳದಿ, ಹಸಿರು ಎಂದರೆ ಆ ಹೆಣಗಳ ರಾಶಿ. ಒಮ್ಮೆ ಗೆದ್ದ ಮೇಲೆ ದೇಹವು ಆ ವೈರಿಯ ಗುರುತು ಬರೆದಿಟ್ಟುಕೊಳ್ಳುತ್ತದೆ. ನನ್ನ ಎದೆಯೊಳಗೆ ಇಷ್ಟೊಂದು ಶೌರ್ಯ ನಡೆದಿತ್ತೆಂದು ತಿಳಿದು ನಾನು ಸ್ವಲ್ಪ ಎದೆಯುಬ್ಬಿಸಿದೆ. ಕೆಮ್ಮು ಬಂತು.

ಈ ನೆಗಡಿ ಜ್ವರದ ಗದ್ದಲದಲ್ಲೇ ನಮ್ಮ ಓಣಿಗೊಂದು ಆರೋಗ್ಯ ಸಮಿತಿ ಹುಟ್ಟಿತು. ಅದನ್ನು ಹುಟ್ಟಿಸಿದವರು ಅಕ್ಕಿ ಗಿರಣಿಯ ಕುಬೇರಪ್ಪ ಸಾವಕಾರರು. ಅಧ್ಯಕ್ಷರೂ ಅವರೇ. ಅಕ್ಷರ ದುಂಡಗಿದೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು, ನಾನು ಬೇಡವೆನ್ನಲಿಲ್ಲ. ಸಭೆ ಅವರ ಗಿರಣಿಯ ಗಾದಿಯ ಮೇಲೆ. ಸ್ವಚ್ಛತೆಯ ವಿಷಯ ಮಾತಾಡುತ್ತ ಸಾವಕಾರರು ಎಲೆ ತಂಬಾಕು ಜಗಿಯುವರು, ನಡುನಡುವೆ ಕಿಟಕಿಯಿಂದ ಉಗುಳುವರು. ಕಿಟಕಿಯ ಕೆಳಗೆ ಹೆಂಗಸರು ನೀರು ಒಯ್ಯುವ ದಾರಿ. ಆ ಗೋಡೆ ಮೊಳಕಾಲೆತ್ತರದಿಂದ ಕೆಳಗೆ ಕೆಂಪಗೆ, ಅಂಟಂಟಾಗಿ, ನೊಣ ಮುತ್ತಿಕೊಂಡು ಹೊಳೆಯುತ್ತಿತ್ತು. ಅದನ್ನು ಸಮಿತಿ ಎಂದೂ ಚರ್ಚಿಸಲಿಲ್ಲ.

ಒಂದು ದಿನ ಸಾವಕಾರರು ಗಿರಣಿಯ ಬಾಗಿಲಲ್ಲಿ ಅಡಿವೆವ್ವನನ್ನು ಕಂಡರು. ಇಪ್ಪತ್ತೆರಡರ ಹುಡುಗಿ, ಗಿರಣಿಯ ಹಿಂದಿನ ಹೊಟ್ಟಿನ ಕೋಣೆ ಗುಡಿಸುವವಳು. ಐದು ತಿಂಗಳ ಹೆಣ್ಣು ಕೂಸಿನ ತಾಯಿ. ಗೋಡೆ ಹಿಡಿದು, ಬಾಗಿ, ಕೆಮ್ಮುತ್ತಿದ್ದಳು. ಎದೆಯಿಂದ ಪೀಪಿ ಊದಿದಂಥ ಸದ್ದು ಬರುತ್ತಿತ್ತು. ಕೆಮ್ಮಿದ್ದು ಹೊರಬೀಳಲು ಒಲ್ಲದೆ ದಾರದ ಹಾಗೆ ಜೋತಾಡಿತು. ಅಷ್ಟು ಸಾಕಾಯಿತು. ಸಂಜೆಯ ಸಭೆಯಲ್ಲಿ ಅದು ಕ್ಷಯ ಎಂದು ನಿರ್ಣಯವಾಯಿತು. ನಾನು ಬರೆದೆ. ಅಡಿವೆವ್ವ ಎಂಬಾಕೆಗೆ ಕ್ಷಯವಿರುವುದು ಸಮಿತಿಯ ಗಮನಕ್ಕೆ ಬಂದಿರುವುದರಿಂದ ಆಕೆ ಗಿರಣಿಗೆ ಬರಕೂಡದು, ಬಾವಿಗೆ ಇಳಿಯಕೂಡದು, ಕೂಸನ್ನು ಮುಟ್ಟಕೂಡದು. ಮೂರು ಪ್ರತಿ ತೆಗೆದೆ. ಒಂದೊಂದು ಪ್ರತಿಯ ತಲೆಯ ಮೇಲೂ ಎರಡು ಬಳ್ಳಿ ಬಿಡಿಸಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಕಾಗದವನ್ನು ಓಣಿಯ ಗೋಡೆಗೆ ಹಚ್ಚಿದ ದಿನವೇ ಅತ್ತೆ ಹೊನ್ನವ್ವ ಕೂಸನ್ನು ಎತ್ತಿಕೊಂಡು ದವಾಖಾನೆಯ ಎದುರಿನ ತನ್ನ ತಂಗಿಯ ಮನೆ ಸೇರಿದಳು. ಕೂಸಿಗೆ ಆಡಿನ ಹಾಲು. ಅಡಿವೆವ್ವ ದಿನಕ್ಕೆ ಮೂರು ಸಲ ಹಿತ್ತಲಲ್ಲಿ ಎದೆಹಾಲು ಹಿಂಡಿ ಮಣ್ಣಿಗೆ ಚೆಲ್ಲುತ್ತಿದ್ದಳು. ಹಾಲು ಕಡಿಮೆಯಾಗುತ್ತ ಬಂದಿತ್ತು. ಇನ್ನೊಂದು ವಾರ ಹೋದರೆ ನಿಂತೇ ಹೋಗುತ್ತದೆ ಎಂದು ಅವಳು ದವಾಖಾನೆಗೆ ಬಂದು ಅತ್ತಳಂತೆ. ಗೌಹರಬಿ ಎರಡು ಎಲೆ ಕೊಟ್ಟಳು.

ಮೂರು ದಿನ ಬೆಳಿಗ್ಗೆ ಎಲೆ ಬಂತು. ಮೂರರಲ್ಲೂ ಬರೀ ಉಗುಳು. ಡಾಕ್ಟರರು ಎದೆಗೆ ಕೊಳವೆ ಇಟ್ಟು ಕೇಳಿದರು. ಸದ್ದಿಲ್ಲ. ಜ್ವರವಿಲ್ಲ, ಮೈ ಇಳಿದಿಲ್ಲ. ಇದನ್ನು ಸಮಿತಿಗೆ ತಿಳಿಸಿದಾಗ ಸಾವಕಾರರು ಒಂದು ಗಳಿಗೆ ಯೋಚಿಸಿ, ಹಾಗಾದರೆ ಅವಳು ಕಫವನ್ನು ನುಂಗಿ ಬಚ್ಚಿಟ್ಟಿದ್ದಾಳೆ ಎಂದು ತೀರ್ಮಾನ ಕೊಟ್ಟರು. ನಾನು ಅದನ್ನೂ ಬರೆದುಕೊಂಡೆ.

ಮರುದಿನ ಗೌಹರಬಿ ನಮ್ಮ ಮನೆಯ ಕಟ್ಟೆಗೆ ಬಂದು ಕೂತಳು.

“ಆ ಕಾಗದಾ ಬರದವ್ರು ನೀವ ಅಲ್ರಿ ಮಾಸ್ತರ?”

ಹೌದೆಂದೆ. ಅಕ್ಷರದ ಬಗ್ಗೆ ಏನೋ ಹೇಳುತ್ತಾಳೆಂದು ಕಾದೆ.

“ಆಕಿ ಗಿರಣಿ ಬಿಟ್ಟು ಇವತ್ತಿಗೆ ಹನ್ನೊಂದ ದಿನಾ. ಕೆಮ್ಮ ಬಿಟ್ಟೂ ಹನ್ನೊಂದ ದಿನಾ. ಕ್ಷಯಾ ಏನ ಗಿರಣಿ ಮುಚ್ಚಿದ್ರ ಸೂಟಿ ತಗೋತದೇನ್ರಿ? ನಿಮ್ಮ ಕಾಗದಾ ಆಕಿನ್ನ ಹೊಟ್ಟಿನ ಕ್ವಾಣಿಯಿಂದ ಹೊರಗ ಹಾಕಿ ಅರಾಮ ಮಾಡೇತಿ. ಕ್ಷಯಾ ಅಲ್ಲ ಅಂತ ತೋರಸಾಕ ಈಗ ಕಫಾನ ಇಲ್ಲ.”

ಇದು ದಮ್ಮು, ಹೊಟ್ಟಿನ ಧೂಳಿಗೆ ಬರುವ ದಮ್ಮು ಎನ್ನುವುದು ಅವಳ ಮಾತು. ಡಾಕ್ಟರರೂ ಅದನ್ನೇ ಹೇಳಿದರು. ಕೆಲವರ ದೇಹ ಒಂದು ಯಾವುದೋ ನಿರುಪದ್ರವಿ ಧೂಳನ್ನು ವೈರಿಯೆಂದು ಬರೆದುಕೊಂಡುಬಿಡುತ್ತದೆ. ಆಮೇಲೆ ಆ ಧೂಳು ಬಂದಾಗಲೆಲ್ಲ ವಿಷಾಣು ಬಂದಂತೆಯೇ ದಂಡು ಕಟ್ಟುತ್ತದೆ. ಕೊಳವೆಯ ಗೋಡೆ ಬಾತುಕೊಳ್ಳುತ್ತದೆ, ಸ್ನಾಯು ಹಿಂಡುತ್ತದೆ, ಲೋಳೆ ಸುರಿಯುತ್ತದೆ. ಕೊಲ್ಲಬೇಕಾದ ವೈರಿ ಅಲ್ಲಿ ಇಲ್ಲವೇ ಇಲ್ಲ. ಉಸಿರು ಕಟ್ಟಿಸುವುದು ಧೂಳಲ್ಲ, ಕಾವಲಿನವರ ಅಬ್ಬರ. ಗೌಹರಬಿ ಅದನ್ನು ತನ್ನ ರೀತಿಯಲ್ಲಿ ಹೇಳಿದಳು. ಕಳ್ಳ ಬಂದಾಗ ಬಡಿಗಿ ಎತ್ತೋ ಓಲೇಕಾರ ಬೇರೆ, ಬೀಗರು ಬಂದಾಗೂ ಬಡಿಗಿ ಎತ್ತೋ ಓಲೇಕಾರ ಬೇರೆ. ನಿಮ್ಮ ಕಮಿಟಿ ಎರಡನೇದ್ದು ಎಂದಳು.

ಪುರಾವೆ ಬೇಕಿದ್ದರೆ ದಾರಿ ಒಂದೇ ಇತ್ತು. ಅದನ್ನು ಅಡಿವೆವ್ವನೇ ಹೇಳಿದಳು, ಹೊಟ್ಟಿನ ಕೋಣೆಗೆ ತಾನು ಮತ್ತೆ ಹೋಗುತ್ತೇನೆಂದು. ಡಾಕ್ಟರರು ಮೊದಲು ಒಪ್ಪಲಿಲ್ಲ. ಅವಳು ದವಾಖಾನೆಯ ಮೆಟ್ಟಿಲು ಬಿಟ್ಟು ಏಳಲಿಲ್ಲ. ಕೊನೆಗೆ ಅವರು ಕಟ್ಟಿದ ಉಸಿರು ಬಿಡಿಸುವ ಅಡ್ರಿನಲಿನ್ ಸೂಜಿ ತುಂಬಿಸಿಕೊಂಡು, ತಾವು ಬಾಗಿಲಲ್ಲೇ ನಿಲ್ಲುವ ಮಾತಿನ ಮೇಲೆ ಒಪ್ಪಿದರು. ಸಮಿತಿಯೂ ಒಪ್ಪಿತು. ಆದರೆ ಹೆಂಗಸು ಸುಳ್ಳು ಕೆಮ್ಮು ಕೆಮ್ಮಿ ಮೋಸ ಮಾಡಿಯಾಳು, ಅಧ್ಯಕ್ಷರು ಒಳಗೆ ನಿಂತು ಖುದ್ದು ನೋಡಬೇಕು ಎಂದು ಅಧ್ಯಕ್ಷರೇ ಸೂಚಿಸಿ ಅಧ್ಯಕ್ಷರೇ ಅನುಮೋದಿಸಿದರು.

ಆ ಗಿರಣಿ ಸಾವಕಾರರದು, ಸರಿ. ಆದರೆ ಹನ್ನೆರಡು ವರ್ಷದಲ್ಲಿ ಅವರು ಗಾದಿ ದಾಟಿ ಹಿಂದಿನ ಕೋಣೆಗೆ ಹೋದವರಲ್ಲ. ಬಾಗಿಲು ತೆಗೆದೊಡನೆ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಎದೆಯೆತ್ತರ ಹೊಟ್ಟು, ಮೂಲೆಯಲ್ಲಿ ಮಳೆನೀರು ಇಳಿದು ಕೊಳೆತು ಬೂದಿ ಬಣ್ಣದ ಬೂಷ್ಟು ಹಿಡಿದದ್ದು, ಇಲಿಯ ಹಿಕ್ಕೆ, ಹಂಚಿನ ಸಂದಿಯ ಬಿಸಿಲಿನಲ್ಲಿ ಹಾಲಿನಂತೆ ದಟ್ಟವಾಗಿ ತೇಲುವ ಧೂಳು. ಈ ಕೋಣೆಯಲ್ಲಿ ಒಬ್ಬ ಹೆಂಗಸು ದಿನಕ್ಕೆ ಒಂಬತ್ತು ತಾಸು ಉಸಿರಾಡುತ್ತಿದ್ದಳು ಎಂಬುದು ನಮ್ಮ ಆರೋಗ್ಯ ಸಮಿತಿಗೆ ಆ ಹೊತ್ತಿನ ತನಕ ಗೊತ್ತಿರಲಿಲ್ಲ. ನಾನು ಹೊಸ್ತಿಲ ಹೊರಗೇ ನಿಂತೆ. ಕಾರ್ಯದರ್ಶಿ ಒಳಗೆ ಹೋಗಬೇಕೆಂದು ನಿಯಮವಿರಲಿಲ್ಲ.

ಅಡಿವೆವ್ವ ಕಸಬರಿಗೆ ಹಿಡಿದು ಗುಡಿಸತೊಡಗಿದಳು. ಮೊದಲು ಸೀನಿದವರು ಸಾವಕಾರರು. ನಾನು ಎಣಿಸಿದೆ, ಹದಿನೇಳು. ಹದಿನೇಳನೆಯದರ ಹೊತ್ತಿಗೆ ಅವರ ಜರಿ ರುಮಾಲು ಹೊಟ್ಟಿನಲ್ಲಿ ಬಿದ್ದಿತ್ತು. ಕಣ್ಣು ಉಬ್ಬಿ ಮುಚ್ಚಿಕೊಂಡಿದ್ದವು. ಮೂಗಿನಿಂದ ಎರಡು ಧಾರೆ ಮೀಸೆಯ ಮೇಲೆ ಇಳಿದು, ಅಲ್ಲಿ ಧೂಳು ಕಲೆತು ಅಂಬಲಿಯಾಗಿ, ತುಟಿ ದಾಟಿತು. ಅವರು ಅದನ್ನು ನೆಕ್ಕಿಕೊಂಡರು. ನಾನು ಬೇರೆ ಕಡೆ ನೋಡಿದೆ. ಅಷ್ಟರಲ್ಲಿ ಅಡಿವೆವ್ವನ ಎದೆಯಲ್ಲಿ ಪೀಪಿ ಶುರುವಾಯಿತು. ಕಸಬರಿಗೆ ಬಿದ್ದಿತು. ಗೋಡೆ ಹಿಡಿದು, ಭುಜ ಎತ್ತಿ ಎತ್ತಿ ಉಸಿರಿಗೆ ಹೆಣಗಿದಳು. ತುಟಿ ನೀಲಿಯಾಯಿತು. ಗೌಹರಬಿ ನುಗ್ಗಿ ಹೋಗಿ ಅವಳನ್ನು ಎತ್ತಿ ಹೊರತಂದಳು, ಡಾಕ್ಟರರು ತೋಳಿಗೆ ಸೂಜಿ ಚುಚ್ಚಿದರು. ಐದು ನಿಮಿಷಕ್ಕೆ ಸದ್ದು ಇಳಿಯಿತು, ಹತ್ತು ನಿಮಿಷಕ್ಕೆ ಕೆಮ್ಮಿದಳು. ಎಲೆಯ ಮೇಲೆ ನೆನೆಸಿದ ಸಾಬೂದಾಣಿಯಂಥ ಗಟ್ಟಿ ಕಾಳುಗಳು, ಅವುಗಳನ್ನು ಪೋಣಿಸಿದಂತೆ ಬಿಳಿಯ ದಾರ.

“ಥೂ,” ಎಂದಳು ಗೌಹರಬಿ, ಬಲು ಸಂತೋಷದಿಂದ. ಆಮೇಲೆ ಇನ್ನೊಂದು ಎಲೆಯನ್ನು ಸಾವಕಾರರ ಬಾಯಿಗೆ ಹಿಡಿದಳು. ಅವರಿಗೂ ಆಗ ಎದೆ ಕಟ್ಟಿ ಸಣ್ಣಗೆ ಶಿಳ್ಳೆ ಹೊರಟಿತ್ತು. ಆ ಸ್ಥಿತಿಯಲ್ಲೂ ಅವರು ಜಾಲಿಮುಳ್ಳನ್ನು ಕಂಡು ಕೈಯಾಡಿಸಿದರು, ಸಂಚಿಯಿಂದ ಒಂದು ಲವಂಗ ತೆಗೆದು ಕೊಟ್ಟರು. ತಮ್ಮ ಕಫದ ಎಲೆಗೆ ಮುಳ್ಳಿನ ಬದಲು ಅದನ್ನು ಚುಚ್ಚಬೇಕಂತೆ.

ದವಾಖಾನೆಯಲ್ಲಿ ಡಾಕ್ಟರರು ಎರಡೂ ಕಾಚಿಗೆ ಬಣ್ಣ ಹಾಕಿ ದುರ್ಬೀನಿನಲ್ಲಿಟ್ಟರು. ಮುಕ್ಕಾಲು ತಾಸು ಹಿಡಿಯಿತು. ಅಷ್ಟು ಹೊತ್ತೂ ಸಾವಕಾರರು ಬಾಕಿನ ಮೇಲೆ ಎದೆ ಹಿಡಿದುಕೊಂಡು ಕೂತಿದ್ದರು, ಅಡಿವೆವ್ವ ನೆಲದ ಮೇಲೆ. ಮೊದಲ ಸಲ ಅವರು ಕಿಟಕಿಯಿಂದ ಉಗುಳಲಿಲ್ಲ. ಆಮೇಲೆ ಡಾಕ್ಟರರು ನನ್ನನ್ನು ಕರೆದು ತೋರಿಸಿದರು. ಎರಡರಲ್ಲೂ ರವೆ ತುಂಬಿದಂತೆ ಕೆಂಪು ಕಾಳು ತುಂಬಿದ ಬಿಳಿ ಕಣಗಳು, ನಡುವೆ ಸೂಜಿಯಂಥ ಹರಳುಗಳು. ಇವು ಧೂಳಿಗೆ ಸಿಟ್ಟಾಗುವ ಎದೆಯ ಗುರುತು ಎಂದರು. ಕ್ಷಯದ ಕಡ್ಡಿಗಳು ಒಂದರಲ್ಲೂ ಇರಲಿಲ್ಲ. ಯಾವುದು ಸಾವಕಾರರದು, ಯಾವುದು ಅಡಿವೆವ್ವನದು ಎಂದು ನನಗೆ ಹೇಳಲಾಗಲಿಲ್ಲ. ಡಾಕ್ಟರರಿಗೂ ಚೀಟಿ ನೋಡಬೇಕಾಯಿತು.

“ನನಗ ಕ್ಷಯಾ ಇಲ್ಲಲಾ?” ಎಂದು ಸಾವಕಾರರು ಕೇಳಿದರು. ದನಿ ಬಹಳ ಸಣ್ಣಗಿತ್ತು.

ಉತ್ತರ ಕೊಟ್ಟವಳು ಗೌಹರಬಿ. “ಆಕಿಗೆ ಇದ್ರ ನಿಮಗೂ ಐತ್ರಿ ಸಾವಕಾರ್ರ.”

“ಆಕಿಗೆ ಇಲ್ಲ,” ಎಂದರು ಸಾವಕಾರರು ತಕ್ಷಣ. “ಬರಕೋರಿ ಮಾಸ್ತರ. ಆಕಿಗೆ ಏನೂ ಇಲ್ಲ.”

ಇಷ್ಟು ಬೇಗ ಯಾವ ನಿರ್ಣಯವೂ ನಮ್ಮ ಸಮಿತಿಯಲ್ಲಿ ಪಾಸಾಗಿರಲಿಲ್ಲ. ಹೊಟ್ಟನ್ನು ಇನ್ನು ಮುಂದೆ ಹೊರಗೆ ಬಯಲಲ್ಲಿ ಒಟ್ಟುವುದು, ಅಡಿವೆವ್ವ ಅಂಗಳದಲ್ಲಿ ಅಕ್ಕಿ ಹಸನು ಮಾಡುವುದು ಎಂದು ಡಾಕ್ಟರರು ಹೇಳಿದ್ದಕ್ಕೂ ಸಾವಕಾರರು ಗೋಣು ಹಾಕಿದರು. ಉಳಿದದ್ದು ಕಾಗದ. ಎದುರಿನ ಕಟ್ಟೆಯ ಮೇಲೆ ಹೊನ್ನವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಕಾಗದ ನೋಡಿ ಕೂಸು ಇಸಿದುಕೊಂಡಿದ್ದೇನೆ, ಕಾಗದ ಬಂದ ಮೇಲೆಯೇ ಕೊಡುತ್ತೇನೆ ಎಂದು ಹೇಳಿ ಕಳಿಸಿದ್ದಳು. ಅವಳನ್ನು ದೂರುವಂತಿರಲಿಲ್ಲ, ಅವಳು ನಂಬಿದ್ದು ನನ್ನ ಅಕ್ಷರವನ್ನು.

ದವಾಖಾನೆಯ ಮೇಜಿನ ಮೇಲೆ ಬರೆಯಲು ಕೂತೆ. ಅಡಿವೆವ್ವ ಬಾಗಿಲಲ್ಲಿ ನಿಂತಿದ್ದಳು. ಅತ್ತ ಕೂಸು ಅತ್ತಿತು, ಇತ್ತ ಅವಳ ಕುಪ್ಪಸ ಹಾಲಿನಿಂದ ತೊಯ್ಯಿತು. ನಾನು ‘ಸಮಿತಿಯು ಹಿಂದೆ ಪ್ರಕಟಿಸಿದ ಅಭಿಪ್ರಾಯವು ಅಂದಿನ ಸಂದರ್ಭದಲ್ಲಿ ಸಮಂಜಸವೇ ಆಗಿದ್ದರೂ’ ಎಂದು ಬರೆದು ಹೊಡೆದೆ. ‘ಹೊಸದಾಗಿ ಲಭಿಸಿದ ಮಾಹಿತಿಯ ಬೆಳಕಿನಲ್ಲಿ’ ಎಂದು ಬರೆದು ಹರಿದೆ. ಮೂರನೆಯ ಹಾಳೆಯ ತಲೆಯ ಮೇಲೆ ನನ್ನ ಕೈ ತಾನಾಗಿ ಬಳ್ಳಿ ಬಿಡಿಸಲು ಹೋಯಿತು. ಅದನ್ನು ಕಂಡು ನನಗೇ ವಾಕರಿಕೆ ಬಂದಂತಾಯಿತು. ದ್ಯಾಮಪ್ಪನ ಎಲೆ ತುಟಿಗೆ ಬಂದಾಗಲೂ ಅಷ್ಟು ಬಂದಿರಲಿಲ್ಲ. ಆದರೂ ಅಭ್ಯಾಸ ದೊಡ್ಡದು. ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಗೌಹರಬಿಯನ್ನು, ಸಮಿತಿ ತಪ್ಪು ಮಾಡಿತು ಎಂದೂ ಅನ್ನಿಸಬಾರದು, ಕೂಸೂ ಸಿಗಬೇಕು, ಹಾಗೆ ಹೇಗೆ ಬರೆಯಲಿ ಎಂದು ಕೇಳಿದೆ.

ಅವಳು ಕೈ ಒರೆಸಿಕೊಳ್ಳದೆ, ನೀರು ತೊಟ್ಟಿಕ್ಕಿಸುತ್ತ, ನನ್ನ ಕೈಯಿಂದ ಲೆಕ್ಕಣಿಕೆ ಕಿತ್ತುಕೊಂಡಳು.

“ಹಂಗ ಬರ್ಯಾಕ ಬರಾಂಗಿಲ್ರಿ. ಏಳ್ರಿ, ರಸ್ತೆ ದಾಟಿ ಹೋಗಿ ‘ನಾ ಸುಳ್ಳ ಬರದಿದ್ದೆ’ ಅನ್ರಿ, ಕೂಸು ಎತಗೊಂಡ ಬರ್ರಿ.”